ಸೀಸಂ ಕಟ್ಟಿಗೆಯ ಘೋಡಿ

ಹೋದ ತಿಂಗಳು ದವಡೆ ಹಲ್ಲಿಗೆ ಕ್ಯಾಪು ಹಾಕಿಸಲೆಂದು ಸಾಂಗ್ಲಿಯ ಡಾಕ್ಟರೊಬ್ಬರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಅವರ ಯಂತ್ರ ಜುಂಯ್ ಎಂದು ಹಲ್ಲು ತೇಯತೊಡಗಿತು. ನೋವಾಗದಂತೆ ಇಂಜೆಕ್ಷನ್ ಕೊಟ್ಟಿದ್ದರು, ಆದರೆ ಮೂಗಿಗೆ ಯಾರು ಕೊಡುತ್ತಾರೆ? ಸುಟ್ಟ ಎಲುಬಿನ ವಾಸನೆ ನೇರ ಒಳಗೆ ಹೊಕ್ಕಿತು. ಬೇರೆಯವರಿಗೆ ಅದು ಹೇಸಿಗೆ ಅನ್ನಿಸೀತು, ನನಗೆ ಕಣ್ಣಲ್ಲಿ ನೀರು ಬಂತು. ಡಾಕ್ಟರು ಗಾಬರಿಯಾಗಿ ಯಂತ್ರ ನಿಲ್ಲಿಸಿ, ನೋಯುತ್ತದೆಯಾ ಎಂದು ಮರಾಠಿಯಲ್ಲಿ ಕೇಳಿದರು. ಬಾಯಿ ತುಂಬ ಹತ್ತಿ ಇಟ್ಟುಕೊಂಡವಳು ಏನಂತ ಹೇಳಲಿ? ಇದು ಮಿರಜಿನ ನಮ್ಮ ಗಲ್ಲಿಯ ವಾಸನೆ, ಇದರ ಹಿಂದೆ ನಮ್ಮ ಪದ್ಮಾ ಅತ್ಯಾ ಕೂತಿದ್ದಾಳೆ, ಒಂದು ಗಳಿಗೆ ತಡೆಯಿರಿ, ಅವಳನ್ನು ಮಾತಾಡಿಸಿಕೊಂಡು ಬರುತ್ತೇನೆ ಅಂತ ಹೇಳಲಾಗುತ್ತದೆಯೇ? ಸುಮ್ಮನೆ ಕೈ ಅಲ್ಲಾಡಿಸಿ ಮುಂದುವರಿಸಿ ಅಂದೆ.

ಮಿರಜಿನಲ್ಲಿ ತಂಬೂರಿ, ಸಿತಾರು ಮಾಡುವವರದೇ ಒಂದು ಗಲ್ಲಿ ಇದೆ. ಆ ಗಲ್ಲಿ ಪೇಟೆಯನ್ನು ಕೂಡುವ ಮೂಲೆಯಲ್ಲಿ ನಮ್ಮ ಮನೆ ಇತ್ತು. ಕೆಳಗೆ ಅಪ್ಪನ ಅರಿವೆ ಅಂಗಡಿ, ಅದರ ಹಿಂದೆ ಕಲ್ಲು ಹಾಸಿದ ಅಂಗಳ, ಮೇಲೆ ನಾವು. ಬೆಳಿಗ್ಗೆ ಕಿಟಕಿ ತೆರೆದರೆ ಎದುರು ಮಾಳಿಗೆಯ ಮೇಲೆ ಒಣಹಾಕಿದ ದೊಡ್ಡ ದೊಡ್ಡ ಸೋರೆಬುರುಡೆಗಳು ಬಿಸಿಲು ಕಾಯಿಸುತ್ತ ಕೂತಿರುತ್ತಿದ್ದವು. ಕಟ್ಟಿಗೆಯ ಹೊಟ್ಟು, ಲಾಖಿನ ಪಾಲಿಶ್, ಕಾಯಿಸಿದ ಅಂಟು, ಇವೆಲ್ಲದರ ನಡುವೆ ಎಲುಬು ಉಜ್ಜುವ ವಾಸನೆ. ತಂಬೂರಿಯ ತಂತಿಗಳು ಒಂದು ಅಗಲವಾದ ಪಟ್ಟಿಯ ಮೇಲೆ ಹಾಯ್ದು ಹೋಗುತ್ತವಲ್ಲ, ಅದಕ್ಕೆ ಅಲ್ಲಿ ಘೋಡಿ ಅನ್ನುತ್ತಾರೆ. ಒಳ್ಳೆಯ ಘೋಡಿ ಎಲುಬಿನದು, ಇಲ್ಲವೇ ಕೊಂಬಿನದು. ನಾವೋ ಜೈನರು. ಹೊತ್ತು ಮುಳುಗುವ ಮೊದಲು ಉಂಡು ಕೈ ತೊಳೆಯುವ ಮಂದಿ. ಉಳ್ಳಾಗಡ್ಡಿಯನ್ನೇ ಹೊಸ್ತಿಲು ದಾಟಿಸದ ಮನೆಗೆ ಎಲುಬು ಎಲ್ಲಿಂದ ಬರಬೇಕು? ಅಜ್ಜಿ ಆ ಗಲ್ಲಿಯಲ್ಲಿ ಹಾಯುವಾಗ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ಹಾಗೆ ಒತ್ತಿಕೊಂಡೇ ತಂಬೂರಿ ಮಾಡುವ ಗುಲಾಬ ಚಾಚಾನ ಅಂಗಡಿಯ ಕಟ್ಟೆಯ ಹತ್ತಿರ ನಿಂತು ಅವರ ಮಕ್ಕಳ ಆರೋಗ್ಯ ವಿಚಾರಿಸುತ್ತಿದ್ದಳು, ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದಳು. ವಾಸನೆಯ ಸಿಟ್ಟನ್ನು ಅವಳು ಮನುಷ್ಯರ ಮೇಲೆ ತೀರಿಸುತ್ತಿರಲಿಲ್ಲ.

ಪದ್ಮಾ ಅತ್ಯಾ ಅಂದರೆ ಅಪ್ಪನ ತಂಗಿ. ಅವಳನ್ನು ಖಂಡೇರಾಜುರಿಯ ತೋಟದವರ ಮನೆಗೆ ಕೊಟ್ಟಿದ್ದರಂತೆ. ವರ್ಷ ತುಂಬುವುದರೊಳಗೆ ಟ್ರಂಕು ಹಿಡಿದು ತಿರುಗಿ ಬಂದಳು. ಯಾಕೆ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ, ಕೇಳದೆ ಇರುವುದೇ ದೊಡ್ಡ ಉಪಕಾರ ಅಂತ ತಿಳಿದಿದ್ದರು. ಒಬ್ಬರಾದರೂ ಕೇಳಬೇಕಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಅಂಗಳದ ಕಡೆಗಿದ್ದ ಸಣ್ಣ ಖೋಲಿ ಅವಳದಾಯಿತು. ಅಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ ಇಟ್ಟುಕೊಂಡು ಪೇಟೆಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ಒಂದು ಕುಪ್ಪಸ ಹೊಲಿಸಲು ಬಂದ ದವಾಖಾನೆಯ ನರ್ಸಮ್ಮನೊಬ್ಬರು ಅವಳಿಗೆ ಹವಾಯಿಯನ್ ಗಿಟಾರ್ ಕಲಿಸಿದರು, ಊರು ಬಿಟ್ಟು ಹೋಗುವಾಗ ತಮ್ಮ ಗಿಟಾರನ್ನೇ ಇವಳ ಕೈಗಿಟ್ಟು ಹೋದರು. ನೀವು ನೋಡಿರಬಹುದು, ಆ ಗಿಟಾರನ್ನು ಎದೆಗೆ ಅವಚಿಕೊಳ್ಳುವುದಿಲ್ಲ, ತೊಡೆಯ ಮೇಲೆ ಮಗುವಿನ ಹಾಗೆ ಅಂಗಾತ ಮಲಗಿಸಿಕೊಂಡು ಎಡಗೈಯ ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸುತ್ತ ಬಾರಿಸುತ್ತಾರೆ. ಅಜ್ಜಿ ಮೊದಲು ಅದನ್ನು ತಿರುವಿ ಮುರುವಿ ನೋಡಿದಳಂತೆ. ತಬಲಾಕ್ಕೆ ತೊಗಲು, ತಂಬೂರಿಗೆ ಎಲುಬು, ಇದಕ್ಕೆ ಏನು ಅಂತ ಕೇಳಿದಳಂತೆ. ಕಟ್ಟಿಗೆ ಮತ್ತು ತಂತಿ ಅಷ್ಟೇ ಅಂದಾಗ ಬಾರಿಸಲಿ ಬಿಡು ಅಂದಳಂತೆ. ಅದಕ್ಕೆ ಹಚ್ಚಿದ ಲಾಖು, ಅಂದರೆ ಅರಗು, ಹುಳದಿಂದ ಬರುತ್ತದೆ ಅಂತ ಅಜ್ಜಿಗೆ ಯಾರೂ ಹೇಳಲಿಲ್ಲ. ನಾನು ಶಾಲೆಯಲ್ಲಿ ಕಲಿತ ಮೇಲೂ ಹೇಳಲಿಲ್ಲ, ಮನೆಯ ಶಾಂತಿ ಮುಖ್ಯ.

ಸಾಂಗ್ಲಿಯ ಆರ್ಕೆಸ್ಟ್ರಾ ಒಂದರಲ್ಲಿ ಅತ್ಯಾಳಿಗೊಂದು ಕುರ್ಚಿ ಸಿಕ್ಕಿತ್ತು. ಗಣಪತಿ ಹಬ್ಬ, ಮದುವೆ, ಗಿರಣಿ ಮಂದಿಯ ಕಾರ್ಯಕ್ರಮ ಅಂತ ವರ್ಷದಲ್ಲಿ ಒಂದಿಷ್ಟು ಸಂಜೆಗಳು ಅವಳು ಬೇರೆಯೇ ಮನುಷ್ಯಳಾಗುತ್ತಿದ್ದಳು. ಬಿಸಿಲು ಇರುವಾಗಲೇ ಉಂಡು, ನೀಲಿ ಸೀರೆ ಉಟ್ಟು, ಗಿಟಾರಿನ ಪೆಟ್ಟಿಗೆಯನ್ನು ಸೀಟು ಹಂಚಿಕೊಂಡು ಹೋಗುವ ವಡಾಪ್ ರಿಕ್ಷಾದಲ್ಲಿ ಮೊಣಕಾಲ ಮೇಲೆ ಇಟ್ಟುಕೊಂಡು ಹೋಗುತ್ತಿದ್ದಳು. ಜೊತೆಗೆ ಯಾರಾದರೂ ಇರಬೇಕಲ್ಲ, ಅಪ್ಪ ನನ್ನನ್ನು ಕಳಿಸುತ್ತಿದ್ದ. ಸ್ಟೇಜಿನ ಮೇಲೆ ಅವಳು ಕಣ್ಣು ಮುಚ್ಚಿ ಸರಳು ಜಾರಿಸಿದರೆ ಮಂದಿ ಶೇಂಗಾ ತಿನ್ನುವುದನ್ನೂ ನಿಲ್ಲಿಸುತ್ತಿದ್ದರು. ಮನೆಯಲ್ಲಿ ಅವಳು ಎದುರು ಬಂದರೆ ಎಲ್ಲರೂ ಸ್ವಲ್ಪ ದನಿ ತಗ್ಗಿಸುತ್ತಿದ್ದರು. ಅಲ್ಲಿ ಮಾತ್ರ ಅವಳ ದನಿಗೆ ಉಳಿದವರು ಕಾಯುತ್ತಿದ್ದರು. ಆ ಕುರ್ಚಿ ಅವಳಿಗೆ ಏನಾಗಿತ್ತು ಅಂತ ನನಗೆ ಆ ವಯಸ್ಸಿನಲ್ಲೂ ಗೊತ್ತಿತ್ತು.

ಆಮೇಲೆ ಕೇಬಲ್ ಟೀವಿ ಬಂತು. ಮಾಧವನಗರದ ಗಿರಣಿಯ ಕಡೆಯಿಂದ ಅರಿವೆಯ ಗಂಟು ತರುತ್ತಿದ್ದ ಅಪ್ಪ ರೆಡಿಮೇಡ್ ಶರ್ಟಿನ ಡಬ್ಬಿ ಜೋಡಿಸತೊಡಗಿದ. ಆರ್ಕೆಸ್ಟ್ರಾದ ಮಾಲಕರು ಮುಂಬಯಿಗೆ ಹೋಗಿ ಕೀಬೋರ್ಡು ನೋಡಿ ಬಂದರು. ಗುಂಡಿ ಒತ್ತಿದರೆ ಅದರಲ್ಲಿ ಬಾಸರಿ ಇದೆ, ಪಿಟೀಲು ಇದೆ, ಗಿಟಾರೂ ಇದೆ, ಇನ್ನು ಇಷ್ಟು ಮಂದಿ ಯಾಕೆ ಅಂತ ಅವರ ವಿಚಾರ. ಅತ್ಯಾಳಿಗೆ ಮಾತ್ರ, ಕೀಬೋರ್ಡಿಗೆ ಬಾರದ್ದು ಏನಾದರೂ ತಂದರೆ ನಿಮ್ಮ ಕುರ್ಚಿ ನಿಮಗೇ ಅಂದಿದ್ದರು. ಅದೇ ದಿನಗಳಲ್ಲಿ ಯಾರೋ ಅವಳಿಗೆ ಒಂದು ಅಮೇರಿಕದ ಕ್ಯಾಸೆಟ್ ಕೊಟ್ಟರು. ಅದರಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಇತ್ತು. ಅದೂ ಸರಳು ಜಾರಿಸುವ ಗಿಟಾರೇ, ಆದರೆ ಟೇಬಲ್ಲಿನ ಹಾಗೆ ಕಾಲ ಮೇಲೆ ನಿಂತಿರುತ್ತದೆ, ಬಾರಿಸುವವರು ಪೆಡಲು ತುಳಿದು ಬೇಕಾದ ತಂತಿಯೊಂದನ್ನೇ ಬಿಗಿ ಮಾಡುತ್ತಾರೆ. ನಮಗೆ ಇದೆಲ್ಲ ಎಲ್ಲಿ ಗೊತ್ತು? ಕ್ಯಾಸೆಟ್ಟಿನ ಮೇಲಿನ ಚಿತ್ರದಲ್ಲಿ ಕಾಲು ಕಾಣುತ್ತಿರಲಿಲ್ಲ. ಅತ್ಯಾ ಕೇಳಿ ಕೇಳಿಯೇ ಅದನ್ನು ಕಂಡುಹಿಡಿದಳು. ಹೊಲಿಗೆ ಬಿಟ್ಟು ಟೇಪ್ ರೆಕಾರ್ಡರಿನ ಮುಂದೆ ಕೂತಿದ್ದವಳು ಒಂದು ದಿನ ನನ್ನ ಕೈ ಹಿಡಿದು ಕೂಡಿಸಿಕೊಂಡು, "ಕೇಳಿಲ್ಲೆ. ಎರಡು ತಂತಿ ನಿಂತಲ್ಲೇ ನಿಂತಾವ. ಮೂರನೇದೊಂದ ಎದ್ದು ನಡಕೋತ ಅವರ ಹತ್ರ ಹೊಂಟೈತಿ. ಇದು ಕೈಲೆ ಆಗೂದಲ್ಲ, ಕಾಲೀಲೆ ಮಾಡ್ಯಾರ," ಅಂದಳು. ಕಾಲಿನ ಕೆಲಸ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗುಲಾಬ ಚಾಚಾ ಹಿರಿಯರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಕೈಯ ತಂಬೂರಿಗಳು ಎಲ್ಲೆಲ್ಲಿಗೋ ಹೋಗುತ್ತಿದ್ದವು, ಅವರು ಮಾತ್ರ ಆ ಕಟ್ಟೆ ಬಿಟ್ಟು ಎದ್ದವರಲ್ಲ. ಅತ್ಯಾ ಕ್ಯಾಸೆಟ್ಟು ಕೇಳಿಸಿದಾಗ ಗಡ್ಡ ನೀವಿಕೊಂಡು, ಇದು ಹುಚ್ಚರ ಕೆಲಸ, ಮಾಡೋಣ ಅಂದರು. ಹೊಲಿಗೆ ಯಂತ್ರದ ಬೀಡುಕಬ್ಬಿಣದ ಕಾಲುಮಣೆಯೇ ಬುನಾದಿಯಾಯಿತು. ಯಂತ್ರವನ್ನು ಕಿತ್ತು ಕೈಯಿಂದ ತಿರುಗಿಸುವ ಹಿಡಿಕೆ ಹಾಕಿಸಿಕೊಂಡಳು, ಕುಪ್ಪಸ ಹೊಲಿಯುವುದು ಅರ್ಧಕ್ಕೆ ಇಳಿಯಿತು, ಅಜ್ಜಿ ಗೊಣಗಿದಳು. ಸಾಗವಾನಿ ಹಲಗೆಯ ಮೇಲೆ ತಂತಿ ಬಿಗಿದು, ತಂತಿಯ ಬಾಲಕ್ಕೆ ಸೈಕಲ್ಲಿನ ಬ್ರೇಕ್ ವೈರು ಕಟ್ಟಿ ಕಾಲುಮಣೆಗೆ ಇಳಿಬಿಟ್ಟರು. ಮುಂಗಾಲು ಒತ್ತಿದರೆ ಒಂದು ತಂತಿ ಬಿಗಿದು ಸ್ವರ ಏರಬೇಕು, ಹಿಮ್ಮಡಿ ಒತ್ತಿದರೆ ಇನ್ನೊಂದು ಸಡಿಲಾಗಿ ಇಳಿಯಬೇಕು. ಎಷ್ಟು ಸಲ ವೈರು ಹರಿಯಿತೋ, ಎಷ್ಟು ಸಲ ತಂತಿ ಸಿಡಿದು ಚಾಚಾನ ಕೈ ಕುಯ್ಯಿತೋ. ನಮ್ಮ ಅಂಗಳದಲ್ಲೇ ಈ ಕೆಲಸ ನಡೆದಿತ್ತು. ಜೈನರ ಮನೆಯ ವಾದ್ಯ ಅಂತ ಚಾಚಾ ಎಲುಬು ಮುಟ್ಟದೆ ಸೀಸಂ ಕಟ್ಟಿಗೆಯ ಘೋಡಿ ಮಾಡಿ ತಂದರು. ಅಜ್ಜಿ ಅದನ್ನು ಮೂಸಿ ನೋಡಿ ಒಳಗೆ ಬಿಟ್ಟಳು.

ತಪ್ಪು ಆದದ್ದು ಆ ಘೋಡಿಯಲ್ಲಿಯೇ. ಮಿರಜಿನ ತಂಬೂರಿಯವರು ವಾದ್ಯವನ್ನು ಕೈಬಿಡುವ ಮೊದಲು ಘೋಡಿಯ ಮೈಯನ್ನು ಕೂದಲೆಳೆಯಷ್ಟು ಇಳಿಜಾರಾಗಿ ಉಜ್ಜುತ್ತಾರೆ. ಆಗ ತಂತಿ ಅದಕ್ಕೆ ತಾಗಿಯೂ ತಾಗದ ಹಾಗೆ ನಡುಗಿ, ಒಂದೇ ಸ್ವರ ದುಂಬಿಯ ಹಾಗೆ ಗುಂಯ್‌ಗುಡುತ್ತ ಬಹಳ ಹೊತ್ತು ನಿಲ್ಲುತ್ತದೆ. ಇದಕ್ಕೆ ಜವಾರಿ ತೆರೆಯುವುದು ಅನ್ನುತ್ತಾರೆ. ಗಿಟಾರಿಗೆ ಇದು ಬೇಡವೇ ಬೇಡ, ಅದರ ಸ್ವರ ನೀರಿನ ಹಾಗೆ ತಿಳಿಯಾಗಿರಬೇಕು. ಚಾಚಾನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಜೀವಮಾನವಿಡೀ ಮಾಡಿದ್ದನ್ನು ಆ ಕೈ ತನ್ನಷ್ಟಕ್ಕೆ ತಾನು ಮಾಡಿ ಮುಗಿಸಿಬಿಟ್ಟಿತ್ತು. ಅತ್ಯಾ ಕೂತು, ಸರಳು ಇಟ್ಟು, ತಂತಿ ಮೀಟಿ ಪೆಡಲು ಒತ್ತಿದಳು. ಅಂಗಳದಲ್ಲಿ ಎದ್ದ ಸದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಗಿಟಾರು ಅಲ್ಲ, ತಂಬೂರಿ ಅಲ್ಲ. ಯಾರೋ ಗಂಟಲು ತುಂಬಿ ಬಂದಿದ್ದರೂ ಮಾತು ಬಿಡದೆ ಹೇಳುತ್ತಿದ್ದ ಹಾಗಿತ್ತು. ಚಾಚಾ ತಲೆ ಮೇಲೆ ಕೈ ಇಟ್ಟುಕೊಂಡರು. ಅವ್ವ ಒಗೆಯುವುದನ್ನು ಬಿಟ್ಟು ಬಂದು ನಿಂತಳು. ಅತ್ಯಾ ಮತ್ತೊಮ್ಮೆ ಪೆಡಲು ಒತ್ತಿದಳು, ಮತ್ತೊಮ್ಮೆ ಒತ್ತಿದಳು, ನಗತೊಡಗಿದಳು. ಅವಳಿಗೆ ಹಾಗೆ ನಗಲು ಬರುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ.

ಟೆಂಪೋದಲ್ಲಿ ಅದನ್ನು ಸಾಂಗ್ಲಿಗೆ ಒಯ್ದೆವು. ತಾಲೀಮಿನ ಹಾಲಿನಲ್ಲಿ ಎಲ್ಲರೂ ಸುತ್ತ ನಿಂತು ನೋಡಿದರು, ಡ್ರಮ್ಮಿನವನು ಬಗ್ಗಿ ಕಾಲುಮಣೆ ಮುಟ್ಟಿ ನೋಡಿದ. ಬಾರಿಸಿದಾಗ ಮಾತ್ರ ಎಲ್ಲ ಕೆಟ್ಟಿತು. ಮೈಕು ಆ ಗುಂಯ್‌ಕಾರವನ್ನು ಹತ್ತುಪಟ್ಟು ಮಾಡಿತು, ಹಾಡುವವಳಿಗೆ ತನ್ನ ಶ್ರುತಿಯೇ ಕೇಳದಂತಾಯಿತು, ಪ್ರೇಮಗೀತೆ ಭಜನೆಯ ಹಾಗೆ ಕೇಳಿಸಿತು. ಮಾಲಕರು ಕೆಟ್ಟವರಲ್ಲ. ಪೆಡಲು ಚೆನ್ನಾಗಿದೆ ಪದ್ಮಾಬಾಯಿ, ಕೀಬೋರ್ಡಿಗೆ ಇದು ಬಾರದು, ಆದರೆ ಆ ಗುಂಯ್ ಅನ್ನುವುದನ್ನು ತೆಗೆಸಿಕೊಂಡು ಬನ್ನಿ, ಹಬ್ಬದ ಕಾರ್ಯಕ್ರಮಕ್ಕೆ ನೀವೇ ಅಂತ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಚಾಚಾ ಮರುದಿನವೇ ಉಜ್ಜುವ ಕಾನಸು ಹಿಡಿದುಕೊಂಡು ಬಂದರು, ತಮ್ಮದೇ ತಪ್ಪು ಅಂತ ಮುಖ ಸಣ್ಣದಾಗಿತ್ತು. ಒಂದು ತಾಸಿನ ಕೆಲಸ, ಘೋಡಿಯನ್ನು ಗುಂಡಗೆ ಉಜ್ಜಿ ಬಾಯಿ ಮುಚ್ಚಿಸಿ ಕೊಡುತ್ತೇನೆ ಅಂದರು. ಕಾನಸು ಇನ್ನೇನು ತಾಗಬೇಕು, ಅತ್ಯಾ ಘೋಡಿಯ ಮೇಲೆ ಅಂಗೈ ಮುಚ್ಚಿದಳು.

"ಬ್ಯಾಡ್ರಿ ಚಾಚಾ. ಮಾತಾಡಾಕತ್ತೈತಿ, ಮಾತಾಡ್ಲಿ."

ಕುರ್ಚಿ ಹೋಯಿತು. ನನಗೆ ಅತ್ಯಾಳ ಮೇಲೆ ಭಯಂಕರ ಸಿಟ್ಟು. ನೀಲಿ ಸೀರೆ ಇಲ್ಲ, ಸ್ಟೇಜಿಲ್ಲ, ಹಬ್ಬದ ಸಂಜೆಗೆ ಎಲ್ಲರ ಜೊತೆ ಕೆಳಗೆ ಕೂತು ಕೀಬೋರ್ಡು ಕೇಳಬೇಕು, ಯಾಕೆ ಬೇಕಿತ್ತು ಈ ಹಟ ಅಂತ ಅವಳನ್ನು ವಾರಗಟ್ಟಲೆ ಮಾತಾಡಿಸಲಿಲ್ಲ. ಅವಳು ತನ್ನ ಖೋಲಿಯಲ್ಲಿ ಮಧ್ಯಾಹ್ನ ಒಬ್ಬಳೇ ಬಾರಿಸುತ್ತಿದ್ದಳು. ಕಟ್ಟಿಗೆಯ ಘೋಡಿಯ ತೊಂದರೆ ಅಂದರೆ ಅದು ಬೇಗ ಸವೆಯುತ್ತದೆ. ಅದರಲ್ಲೂ ಇಲ್ಲಿ ಪೆಡಲು ಒತ್ತಿದಾಗಲೆಲ್ಲ ತಂತಿ ಹಿಂದೆ ಮುಂದೆ ಸರಿದು ಕಟ್ಟಿಗೆಯಲ್ಲಿ ಗೆರೆ ಕೊರೆಯುತ್ತಿತ್ತು, ತಿಂಗಳಾಗುವಷ್ಟರಲ್ಲಿ ಜವಾರಿ ಮುಚ್ಚಿ ಸ್ವರ ಬೋಳಾಗುತ್ತಿತ್ತು. ಆಗ ಚಾಚಾ ಬರುತ್ತಿದ್ದರು. ಅಂಗಳದಲ್ಲಿ ಚಾಪೆ ಹಾಸಿ, ತಂತಿ ಸಡಿಲಿಸಿ, ಘೋಡಿ ಬಿಚ್ಚಿ ಉಜ್ಜುತ್ತ ಕೂಡುತ್ತಿದ್ದರು. ಅತ್ಯಾ ಚಹಾ ಮಾಡುತ್ತಿದ್ದಳು, ಎದುರಿನ ಮೆಟ್ಟಿಲ ಮೇಲೆ ಕೂತು ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಳು. ಮಾತು ಹೆಚ್ಚೇನೂ ಇಲ್ಲ. ಈ ಸಲ ಸೋರೆಬುರುಡೆ ಸಣ್ಣವು ಬಂದಿವೆ, ಪೇಟೆಯಲ್ಲಿ ಇನ್ನೊಂದು ದವಾಖಾನೆ ಏಳುತ್ತಿದೆ, ಇಂಥವೇ. ಚಾಚಾ ತಂತಿ ಮೀಟಿ ಕಿವಿ ಕೊಡುತ್ತಿದ್ದರು, ಇವಳೂ ಕಿವಿ ಕೊಡುತ್ತಿದ್ದಳು, ಇಬ್ಬರೂ ಒಟ್ಟಿಗೆ ತಲೆಯಾಡಿಸುತ್ತಿದ್ದರು. ಚಾಚಾ ಎದ್ದು ಹೋದ ಮೇಲೂ ಅವಳು ಆ ಎರಡು ಚಹಾ ಬಟ್ಟಲುಗಳನ್ನು ಬಹಳ ಹೊತ್ತು ಎತ್ತುತ್ತಿರಲಿಲ್ಲ.

ಅಜ್ಜಿ ತೀರಿಹೋದ ವರ್ಷ ಚಾಚಾ ಒಮ್ಮೆ ಕೇಳಿದರು, ನಾನು ಅಲ್ಲಿಯೇ ಇದ್ದೆ. ತಮ್ಮ ಕಣ್ಣು ಮಂಜಾಗುತ್ತಿದೆ, ಕೊಂಬಿನ ಘೋಡಿ ಹಾಕಿಬಿಡುತ್ತೇನೆ, ಅದು ಸವೆಯುವುದಿಲ್ಲ ಅಂದರು. "ನಾ ಹ್ವಾದ ಮ್ಯಾಲೂ ಇದರ ದನಿ ಹೋಗೂದಿಲ್ರಿ ಪದ್ಮಾಬಾಯಿ. ಈಗ ಬ್ಯಾಡ ಅನ್ನಾಕ ಮನ್ಯಾಗ ಯಾರದಾರ?" ಅಂತ ಮೆಲ್ಲಗೆ ಕೇಳಿದರು. ಅತ್ಯಾ ಗುಂಡಿ ಹಚ್ಚುತ್ತಲೇ, "ನಮ್ಮ ಮನ್ಯಾಗ ನಡಿಯೂದಿಲ್ರಿ ಚಾಚಾ. ಸೀಸಂದ ಇರಲಿ," ಅಂದಳು. ಧರ್ಮಕ್ಕೆ ಅಂದಳೋ, ಬೇರೆ ಏನಕ್ಕಾದರೂ ಅಂದಳೋ, ನಾನು ಆಗ ವಿಚಾರ ಮಾಡಲಿಲ್ಲ. ಚಾಚಾ ಹೂಂ ಅಂದು ಮತ್ತೆ ಉಜ್ಜತೊಡಗಿದರು.

ಚಾಚಾ ಹೋದದ್ದು ಒಂದು ಬೇಸಿಗೆಯಲ್ಲಿ. ಆಗ ನನ್ನ ಮದುವೆಯಾಗಿ ಸಾಂಗ್ಲಿಗೆ ಬಂದಿದ್ದೆ. ತವರಿಗೆ ಹೋದಾಗಲೆಲ್ಲ ಅತ್ಯಾಳ ಗಿಟಾರು ಇನ್ನಷ್ಟು ಬೋಳಾಗಿ ಕೇಳಿಸುತ್ತಿತ್ತು. ಚಾಚಾನ ಮಗ ಸಲೀಮನಿಗೆ ಹೇಳಲೇ ಅಂದರೆ ಬೇಡ ಅನ್ನುತ್ತಿದ್ದಳು. ಕೊನೆಗೆ ಗುಂಯ್ ಅನ್ನುವುದು ಪೂರ್ತಿ ನಿಂತಿತು, ಅವಳು ಬಾರಿಸುವುದನ್ನೂ ನಿಲ್ಲಿಸಿದಳು. ಅವಳು ತೀರಿಕೊಂಡಾಗ ಆರ್ಕೆಸ್ಟ್ರಾದ ಮಾಲಕರು ಕೋಲು ಊರಿಕೊಂಡು ಬಂದಿದ್ದರು. ಅವರ ಕೀಬೋರ್ಡೂ ಅಷ್ಟರಲ್ಲಿ ಗುಜರಿ ಸೇರಿತ್ತು, ಮದುವೆಗಳಿಗೆ ಡಿಜೆ ಬಂದಾಗಿತ್ತು. ನಮ್ಮ ಕಡೆಯ ಮೊದಲ ಪೆಡಲ್ ಗಿಟಾರ್ ಅದು, ಆ ದಿನದ ಸದ್ದು ಇನ್ನೂ ಕಿವಿಯಲ್ಲಿದೆ, ಒಮ್ಮೆ ಕೇಳಬಹುದೇ ಅಂದರು. ನಾನು ಬಟ್ಟೆ ಸರಿಸಿ ಹೆಬ್ಬೆರಳಿನಿಂದ ತಂತಿ ಮೀಟಿದೆ. ತಿಳಿಯಾದ, ಬೋಳಾದ ಸ್ವರ ಬಂತು. ಅವರು ಕಣ್ಣರಳಿಸಿ, ಹೀಗೆ ಇದ್ದಿದ್ದರೆ ನಾನು ಇವರನ್ನು ಬಿಡುತ್ತಲೇ ಇರಲಿಲ್ಲ ಅಂದರು. ನಾನು ಎದ್ದು ಅಡಿಗೆಮನೆಗೆ ಹೋದೆ. ಅಲ್ಲಿಯೇ ನಿಂತಿದ್ದರೆ ಆ ಮುದುಕರಿಗೆ ಏನಾದರೂ ಅಂದುಬಿಡುತ್ತಿದ್ದೆ.

ಈಗ ಆ ಮನೆ ಇಲ್ಲ. ನನ್ನ ಅಣ್ಣ ಮಾರಿದ, ಅಲ್ಲಿ ಸ್ಕ್ಯಾನಿಂಗ್ ಸೆಂಟರ್ ಎದ್ದಿದೆ, ಅಂಗಳ ಇದ್ದಲ್ಲಿ ರೋಗಿಗಳ ಮೋಟರ್‌ಸೈಕಲ್ಲು ನಿಲ್ಲುತ್ತವೆ. ಬೀಡುಕಬ್ಬಿಣದ ಕಾಲಿನ ಆ ಗಿಟಾರು ನನ್ನ ಫ್ಲ್ಯಾಟಿಗೆ ಬಂತು, ಮೇಲೆ ಚಾದರ ಹೊದಿಸಿದರೆ ಇಸ್ತ್ರಿ ಮಾಡುವ ಟೇಬಲ್ಲು. ನಮ್ಮ ಯಜಮಾನರು ತೀರಿಹೋಗಿ ವರ್ಷಗಳಾದವು. ಮಗಳು ಪುಣೆಯ ಹಾಸ್ಟೆಲಿನಿಂದ ಫೋನು ಮಾಡುತ್ತಾಳೆ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ತಪ್ಪಲ್ಲ, ಅವಳಿಗೆ ಹಾಗೆ ಬರುತ್ತದೆ. ದಿನವಿಡೀ ನನ್ನ ಬಾಯಲ್ಲಿ ನಮ್ಮ ಮಾತು ಬರುವುದು ನನ್ನೊಡನೆ ನಾನು ಗೊಣಗುವಾಗ ಮಾತ್ರ. ಹಲ್ಲಿನ ಡಾಕ್ಟರ ಕಡೆಯಿಂದ ಹೊರಗೆ ಬಂದವಳು, ಅರ್ಧ ಮುಖ ಜೋಮು ಹಿಡಿದಿದ್ದರೂ, ಮನೆಗೆ ಹೋಗದೆ ನೇರ ಮಿರಜಿನ ರಿಕ್ಷಾ ಹತ್ತಿದೆ. ಗಲ್ಲಿಯಲ್ಲಿ ಅಂಗಡಿಗಳು ಕಡಿಮೆಯಾಗಿವೆ, ವಾಸನೆಯೂ ತೆಳ್ಳಗಾಗಿದೆ. ಸಲೀಮ ಗುರುತು ಹಿಡಿದ, ಅತ್ಯಾಳ ಗಿಟಾರು ನೋಡಿ ಹೋಗು ಅಂತ ಕರೆದೆ. ನಾಲ್ಕು ದಿನ ಬಿಟ್ಟು ಮನೆಗೆ ಬಂದು, ಚಾದರ ತೆಗೆದು, ತಂದೆಯ ಕೆಲಸದ ಮೇಲೆ ಬಹಳ ಹೊತ್ತು ಕೈಯಾಡಿಸಿದ. ಎಲುಬಿನ ಘೋಡಿ ಕೂಡಿಸಿ ಜವಾರಿ ತೆರೆದರೆ ನಿಮ್ಮ ಮಗಳ ಕಾಲಕ್ಕೂ ಏನೂ ಆಗುವುದಿಲ್ಲ ಅಂದ. ಬೇಡ ಅನ್ನಲು ಈ ಮನೆಯಲ್ಲಿ ಯಾರೂ ಇಲ್ಲ. ಹಾಕು ಅನ್ನಲು ಬಾಯಿ ತೆರೆದೆ.

"ಸೀಸಂದ ಹಾಕಪಾ," ಅಂದೆ.

"ಕಟ್ಟಿಗೀದು ಸವೀತೈತ್ರಿ ಅಕ್ಕಾರ. ಮತ್ತ ಮತ್ತ ಬರಬೇಕಾಗತೈತಿ."

"ಬಾ."

ಆ ಮಾತು ಹೊರಗೆ ಬಿದ್ದಾಗಲೇ ನನಗೆ ತಿಳಿಯಿತು, ಗುಂಡಿ ಹಚ್ಚುತ್ತ ತಲೆ ಎತ್ತದೆ ಅತ್ಯಾ ಚಾಚಾನಿಗೆ ಹೇಳಿದ್ದು ಏನು ಅಂತ. ನಾವೆಲ್ಲ ಅಷ್ಟು ಮಂದಿ ಇದ್ದ ಮನೆಯಲ್ಲಿ ಅವಳು ಎಷ್ಟು ಒಂಟಿಯಾಗಿದ್ದಳು ಅಂತಲೂ. ಸಲೀಮ ಹೊಸ ಘೋಡಿ ಕೂಡಿಸಿ, ಉಜ್ಜಿ, ಮೀಟಿ, ಕಿವಿ ಕೊಟ್ಟು, ಚಹಾ ಕುಡಿದ. ಗುಂಯ್ ಅಂತ ಮನೆ ತುಂಬಿತು. ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಬಾರಿಸಿದರೆ ಮಾತ್ರ ಸವೆಯುತ್ತದೆ, ಸುಮ್ಮನೆ ಮುಚ್ಚಿಟ್ಟರೆ ಎಷ್ಟು ವರ್ಷವಾದರೂ ಹಾಗೇ ಇರುತ್ತದೆ ಅಂತ ಹೇಳಿ ನಕ್ಕ.

ಅದು ನನಗೆ ಹೊಳೆದಿರಲಿಲ್ಲ. ನನಗೆ ಗಿಟಾರು ಬಾರದು, ಅತ್ಯಾ ಕಲಿಸುತ್ತೇನೆ ಅಂದಾಗ ಸಿಟ್ಟಿನಲ್ಲಿ ಮುಖ ತಿರುಗಿಸಿದವಳು ನಾನು. ಈಗ ಮಧ್ಯಾಹ್ನ ಊಟವಾದ ಮೇಲೆ ಕೂಡುತ್ತೇನೆ. ಸರಳು ಎಲ್ಲೆಲ್ಲಿಗೋ ಜಾರುತ್ತದೆ, ಸ್ವರ ಒಂದಕ್ಕೊಂದು ಕೂಡುವುದಿಲ್ಲ, ಪೆಡಲು ಮಾತ್ರ ಒತ್ತುತ್ತೇನೆ, ಬಿಡುತ್ತೇನೆ, ಮತ್ತೆ ಒತ್ತುತ್ತೇನೆ. ಎರಡು ತಂತಿ ನಿಂತಲ್ಲೇ ನಿಂತಿರುತ್ತವೆ, ಮೂರನೆಯದು ಎದ್ದು ಹೋಗುತ್ತದೆ. ಕೆಳಗಿನ ಮನೆಯವರು ಅದೇನು ಸದ್ದು ಅಂತ ಕೇಳಿದರು, ಅಭ್ಯಾಸ ಅಂದೆ. ನಿನ್ನೆ ತಂತಿ ಸರಿಸಿ ಘೋಡಿಯ ಮೇಲೆ ಉಗುರು ಆಡಿಸಿ ನೋಡಿದೆ. ಮೂರನೆಯ ತಂತಿಯ ಕೆಳಗೆ ಸಣ್ಣಗೆ ಒಂದು ಗೆರೆ ಬಿದ್ದಿದೆ. ಇನ್ನೊಂದಿಷ್ಟು ದಿನ ಹೋಗಲಿ, ಸಲೀಮನಿಗೆ ಫೋನು ಮಾಡುತ್ತೇನೆ.